ಕುಂಟೆತ್ತು ಬಂದ ಅಮಾವಾಸ್ಯೆ

ಪುಣೆಯ ಚಿಂಚವಡದಲ್ಲಿ ನಮ್ಮ ಮನೆ ಒಂಬತ್ತನೇ ಮಹಡಿಯಲ್ಲಿದೆ. ಬೆಳಕಿದೆ, ಗಾಳಿಯಿದೆ, ನೀರೂ ಸಾಕಷ್ಟಿದೆ. ಮಣ್ಣು ಮಾತ್ರ ಇಲ್ಲ. ಕೆಳಗಿಳಿದರೂ ಇಲ್ಲ, ಸೊಸೈಟಿಯ ಅಂಗಳಕ್ಕೆಲ್ಲ ಸಿಮೆಂಟಿನ ಬಿಲ್ಲೆ ಹಾಸಿದ್ದಾರೆ, ಮಕ್ಕಳು ಆಡುವ ಜಾಗಕ್ಕೆ ರಬ್ಬರಿನ ಹಾಸು. ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸಾಲಿನ ಊರಲ್ಲಿ ಹುಟ್ಟಿ ಬೆಳೆದ ನನಗೆ ಇದು ವರ್ಷದಲ್ಲಿ ಒಂದು ದಿನ ಬಹಳ ಕಾಡುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಸೀಮೆ ನಮ್ಮದು. ಅಲ್ಲಿ ಮಣ್ಣನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಮಳೆಗಾಲದಲ್ಲಿ ಅದೇ ಕಾಲಿಗೆ ಮೆತ್ತಿಕೊಂಡು ಮನೆಯೊಳಗೆ ಬರುತ್ತದೆ.

ಆ ಒಂದು ದಿನ ಅಂದರೆ ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ, ಜ್ಯೇಷ್ಠದ ಕೊನೆಗೆ ಬರುತ್ತದೆ. ನಮ್ಮ ಕಡೆ ಮಣ್ಣಿನ ಪೂಜೆಗಳು ಶುರುವಾಗುವುದೇ ಅಲ್ಲಿಂದ: ಮೊದಲು ಎತ್ತು, ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪತಿ, ಅದರ ಹಿಂದೆಯೇ ಜೋಕುಮಾರ. ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನು ಪ್ರತಿ ವರ್ಷ ಚಪಾತಿಗೆ ನಾದಿದ ಕಣಕದಲ್ಲೇ ಎರಡು ಎತ್ತು ಮಾಡಿ, ಕುಂಕುಮ ಹಚ್ಚಿ, ಕೈಮುಗಿದು ಮುಗಿಸುತ್ತಿದ್ದೆ. ಮಕ್ಕಳು ಏಳುವ ಮೊದಲೇ ಪೂಜೆ ಆಗಿಬಿಡುತ್ತಿತ್ತು.

2025ರಲ್ಲಿ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಕಾರಣ ಪಾಲಖಿ.

ಜೂನ್ 20ರ ಶುಕ್ರವಾರ, ಪಂಢರಪುರಕ್ಕೆ ಹೋಗುವ ತುಕಾರಾಮ ಮಹಾರಾಜರ ಪಾಲಖಿ, ಅಂದರೆ ಅವರ ಪಾದುಕೆಯ ಪಲ್ಲಕ್ಕಿ, ಆಕುರ್ಡಿಯ ಮುಕ್ಕಾಮು ಮುಗಿಸಿ ಪುಣೆಯ ಕಡೆ ಹೊರಟಿತ್ತು. ಹಳೆಯ ಮುಂಬೈ–ಪುಣೆ ರಸ್ತೆಯಲ್ಲಿ ನಾವೂ ನಿಂತಿದ್ದೆವು. ನಾಲ್ಕು ವರ್ಷದ ಮಗ ಅಪ್ಪನ ಹೆಗಲ ಮೇಲೆ, ಎಂಟು ವರ್ಷದ ಮಗಳು ನನ್ನ ಕೈಹಿಡಿದು. ದಿಂಡಿಗಳು, ಭಜನೆ ಮಾಡುತ್ತ ನಡೆಯುವ ಗುಂಪುಗಳು, ಒಂದರ ಹಿಂದೊಂದು ಬಂದವು. ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು. ಆಮೇಲೆ ಬೆಳ್ಳಿಯ ರಥ, ಅದಕ್ಕೆ ಕಟ್ಟಿದ ಬಿಳಿ ಎತ್ತುಗಳು. ಜನರೆಲ್ಲ ಪಾದುಕೆ ನೋಡಲು ಕತ್ತೆತ್ತಿದ್ದರೆ ನನ್ನ ಮಗ ಎತ್ತನ್ನೇ ನೋಡುತ್ತಿದ್ದ.

"ಅವ್ವಾ, ಬೈಲ್‌ಗೆ ಬೆನ್ನ ಮ್ಯಾಲ ಏನದು?"

ಎತ್ತು ಅನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ಬೈಲ್ ಅಂದ. ಅಕ್ಕನನ್ನು ಕೇಳು ಅಂದೆ. ಅವಳಿಗೆ ಎತ್ತು ಗೊತ್ತಿತ್ತು, ಬೆನ್ನ ಮೇಲಿನ ಡುಬ್ಬಕ್ಕೆ ಹೆಸರು ಗೊತ್ತಿರಲಿಲ್ಲ. "ಇಣಿ" ಅಂತ ನಾನೇ ಹೇಳಿದೆ. ಎಷ್ಟೋ ವರ್ಷಗಳಿಂದ ಆ ಮಾತನ್ನು ಆಡಿಯೇ ಇರಲಿಲ್ಲ. ನಾಲಿಗೆಯ ಮೇಲೆ ಅದು ಹೊರಳಿದಾಗ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಮಕ್ಕಳಿಗೆ ಮರಾಠಿ ಬರುವುದು ನನಗೆ ಸಂತೋಷವೇ. ಅವರು ಆಡಿ ಬೆಳೆಯುವ ನೆಲದ ಭಾಷೆ ಅದು. ಆದರೆ ಮನೆಯ ಮಾತಿನಲ್ಲಿ ಎತ್ತಿಗೆ ಇಣಿಯೇ ಇಲ್ಲದ ಹಾಗೆ ಅವರು ದೊಡ್ಡವರಾಗಬಾರದು ಅನ್ನಿಸಿತು. ಈ ಸಲ ಮಣ್ಣಿನಲ್ಲೇ ಮಾಡುವುದು, ಮಕ್ಕಳ ಕೈಯಲ್ಲೇ ಮಾಡಿಸುವುದು ಅಂತ ಅಲ್ಲೇ ನಿಂತು ಗಟ್ಟಿಮಾಡಿಕೊಂಡೆ.

ಮರುದಿನ ಹತ್ತಿರದ ನರ್ಸರಿಯಿಂದ ಒಂದು ಚೀಲ ಮಣ್ಣು ತಂದೆ. ಕುಂಡಕ್ಕೆ ಹಾಕುವ ಕೆಂಪು ಮಣ್ಣು ಅದು, ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ. ನೀರು ಹಾಕಿ ಹಿಚುಕಿದರೆ ಬೆರಳ ಸಂದಿಯಿಂದ ಉದುರಿತು. ಗಿಡಕ್ಕೆ ಬೇಕಾದ ಮಣ್ಣೇ ಬೇರೆ, ಗೊಂಬೆಗೆ ಬೇಕಾದದ್ದೇ ಬೇರೆ. ಬೇರಿಗೆ ಉಸಿರಾಡಲು ಸಡಿಲು ಮಣ್ಣು ಬೇಕು; ಎತ್ತು ನಿಲ್ಲಬೇಕಾದರೆ ಜಿಗುಟು ಬೇಕು.

ಭಾನುವಾರ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಮೆಟ್ರೋ ಹತ್ತಿದೆ. ಅವತ್ತೇ ಬೆಳಿಗ್ಗೆ ಪಾಲಖಿಗಳು ಪುಣೆಯಿಂದ ಹೊರಟಿದ್ದವು, ಊರು ಆಗಷ್ಟೇ ಹಗುರಾಗಿತ್ತು. ಕಸಬಾ ಪೇಠೆಯಲ್ಲಿ ಇಳಿದು ಮೇಲೆ ಬಂದೆವು. ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವ ಸದ್ದಿಗೆ ಮಗ ಎರಡೂ ಕಿವಿ ಮುಚ್ಚಿಕೊಂಡು ನಡೆದ. ಅಲ್ಲಿಂದ ಕೇಳುತ್ತ ಕೇಳುತ್ತ ಕುಂಬಾರವಾಡಕ್ಕೆ. ಮಡಕೆ, ಹಣತೆ, ಕುಂಡಗಳ ಸಾಲಿನ ನಡುವೆ ಕುಳಿತಿದ್ದ ಒಬ್ಬ ಅಜ್ಜಿಯ ಹತ್ತಿರ ನಿಂತು, ಎತ್ತು ಮಾಡಲು ಸ್ವಲ್ಪ ಮಣ್ಣು ಬೇಕು ಅಂದೆ. ಅವರಿಗೆ ಆಶ್ಚರ್ಯ. "ಪೋಳ್ಯಾಲಾ ಅಜೂನ ವೇಳ ಆಹೆ" ಅಂದರು, ಮಹಾರಾಷ್ಟ್ರದ ಎತ್ತಿನ ಹಬ್ಬ ಪೋಳಾಕ್ಕೆ ಇನ್ನೂ ಹೊತ್ತಿದೆಯಲ್ಲ ಅಂತ. ನಮ್ಮ ಕಡೆ ಈ ಅಮಾವಾಸ್ಯೆಗೇ ಎತ್ತು ಮಾಡುತ್ತೇವೆ ಅಂದಾಗ ಒಳಗೆ ಹೋಗಿ, ಒದ್ದೆ ಗೋಣಿ ಸರಿಸಿ, ಎರಡು ಕಿಲೋದಷ್ಟು ಮಣ್ಣಿನ ಉಂಡೆ ತಂದರು. ಗಣಪತಿ ಮಾಡುವ ಶಾಡೂ ಮಣ್ಣು ಕೊಡಲೇ ಎಂದೂ ಕೇಳಿದರು. ಅದು ಗುಜರಾತಿನ ಕಡೆಯಿಂದ ಬರುವ ಬಿಳಿಚು ಮಣ್ಣು. ನುಣುಪು ಚೆಂದ, ಒಣಗಿದ ಮೇಲೆ ತಟ್ಟನೆ ಮುರಿಯುತ್ತದೆ. ಬೇಡ, ಮಡಕೆಯ ಮಣ್ಣೇ ಇರಲಿ ಅಂದೆ. ಅಜ್ಜಿ ಅದರಿಂದ ನಿಂಬೆಹಣ್ಣಿನಷ್ಟು ಕಿತ್ತು ಮಗನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದರು. ಮನೆ ಮುಟ್ಟುವತನಕ ಅವನು ಆ ಮುಷ್ಟಿ ಬಿಚ್ಚಲಿಲ್ಲ.

ರಾತ್ರಿ ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರು ಹಾಸಿ ಕೂತೆವು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಊರಲ್ಲಿದ್ದ ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದೆ. ಮಕ್ಕಳಿಗೆ ಅವಳು ಆಯಿ. ಮಗಳ ಶಾಲೆಯ ಗೆಳತಿಯರಿಗೆಲ್ಲ ಆಯಿ ಅಂದರೆ ತಾಯಿ, ಇವಳಿಗೆ ಮಾತ್ರ ಅಜ್ಜಿ; ಅದನ್ನು ಬಿಡಿಸಿ ಹೇಳುವುದರಲ್ಲೇ ಅವಳ ಒಂದನೇ ತರಗತಿ ಕಳೆದಿತ್ತು.

ಅವ್ವ ಮೊದಲು ಮಣ್ಣು ನೋಡಿದಳು. "ಅರಳಿ ಕೂಡಿಸವಾ, ಬಿಗಿ ಬರತೈತಿ" ಅಂದಳು. ಅರಳಿ ಅಂದರೆ ಹತ್ತಿ. ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಮಣ್ಣಿಗೆ ಹಾಕಿ ನಾದಿದೆವು. ಕಣಕ ನಾದಿದ ಹಾಗೇ, ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ಸ್ವಲ್ಪ ಹೊತ್ತಿಗೆ ಹತ್ತಿ ಕಾಣದಾಯಿತು, ಉಂಡೆಯನ್ನು ಎಳೆದರೆ ಮಾತ್ರ ನರದ ಹಾಗೆ ಸಣ್ಣ ಎಳೆ ಮೇಲೇಳುತ್ತಿತ್ತು.

ಮಗಳು ಜಾಣೆ. ಹೊಟ್ಟೆಗೊಂದು ದೊಡ್ಡ ಉಂಡೆ, ಕಾಲಿಗೆ ನಾಲ್ಕು ಸಣ್ಣ ಬತ್ತಿ, ತಲೆಗೊಂದು ಗೋಲಿ ಮಾಡಿಟ್ಟುಕೊಂಡು ಜೋಡಿಸಲು ಹೊರಟಳು. ಶಾಲೆಯಲ್ಲಿ ಬಣ್ಣದ ಜೇಡಿಯಿಂದ ಹಾಗೇ ಕಲಿಸಿದ್ದಾರೆ. ಫೋನಿನಿಂದ ಅವ್ವ ಕೂಗಿದಳು:

"ಬ್ಯಾರೆ ಮಾಡಿ ಹಚ್ಚಬ್ಯಾಡ ನಮ್ಮವ್ವಾ. ಉಂಡಿಯೊಳಗಿಂದನ ಜಗ್ಗು. ಹಚ್ಚಿದ್ದು ಬೀಳತೈತಿ, ಜಗ್ಗಿದ್ದು ನಿಂದರತೈತಿ."

ಆಮೇಲೆ ನೋಡಬೇಕಿತ್ತು ಆ ಹುಡುಗಿಯ ಬೆರಳು. ಉದ್ದನೆಯ ಉಂಡೆಯ ಕೆಳಗೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದೊಂದೇ ಕಾಲನ್ನು ಮೆಲ್ಲಗೆ, ಹಸುವಿನ ಮೊಲೆ ಹಿಂಡಿದ ಹಾಗೆ, ಕೆಳಗೆಳೆದಳು. ಮುಂದೆ ಜಗ್ಗಿದರೆ ಕತ್ತು. ಕತ್ತಿನ ಕೆಳಗೆ ಚಿವುಟಿ ತೆಳ್ಳಗೆ ಇಳಿಬಿಟ್ಟರೆ ಗಂಗೆದೊಗಲು. ಬೆನ್ನ ಮೇಲೆ ಚಿವುಟಿ ಎತ್ತಿದರೆ ಇಣಿ. "ಇಣಿ ಸಣ್ಣದಾತು, ಇದೇನ ಎಮ್ಮಿ ಮಾಡಾಕತ್ತೀಯೇನ?" ಅಂತ ಅವ್ವ ಕೇಳಿದಾಗ ಮಗಳು ನಕ್ಕು, ಇಣಿಯನ್ನು ಇನ್ನಷ್ಟು ಎತ್ತರಿಸಿದಳು. ಕೋಡಿಗೆ ಕಸಬರಿಗೆಯ ಕಡ್ಡಿ ಚುಚ್ಚಿ ಅದರ ಮೇಲೆ ಮಣ್ಣು ಸುತ್ತಿದೆವು. ಎತ್ತಿಗೆ ಮೇವು ಹಾಕಲು ಅಂಗೈಯಗಲದ ಬಟ್ಟಲಿನಂತೆ ಒಂದು ಗೋದಲಿ ಆಯಿತು. ಕೋಡಣಸು, ಜೂಲ, ಮೂಗುದಾಣ ಎಂದು ಅವ್ವ ಒಂದೊಂದು ಹೆಸರು ಹೇಳಿದಂತೆಲ್ಲ ಮಗಳು ಆ ಜಾಗವನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಬರೆಸಿ ಕಲಿಸಿದ್ದರೆ ಆ ಮಾತುಗಳು ನಾಲ್ಕು ದಿನ ಉಳಿಯುತ್ತಿರಲಿಲ್ಲ. ಇವತ್ತಿಗೂ ಒಂದನ್ನೂ ಅವಳು ಮರೆತಿಲ್ಲ.

ಮಗನ ಎತ್ತು ಸಣ್ಣದು, ಕುಂಬಾರಜ್ಜಿ ಕೊಟ್ಟ ಉಂಡೆಯದು. ಮೂರು ಕಾಲು ದಪ್ಪ, ಒಂದು ಕಡ್ಡಿಯಂತೆ ತೆಳು. ಸರಿಮಾಡಿಕೊಡಲೇ ಅಂದರೆ ಕೈ ಹಚ್ಚಗೊಡಲಿಲ್ಲ.

ಆ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದಿತ್ತು. ಸೋಮವಾರ ಇಡೀ ದಿನ ಬಿಸಿಲು ಬೀಳಲಿಲ್ಲ. ಎತ್ತುಗಳನ್ನು ಫ್ರಿಜ್ಜಿನ ಮೇಲಿಟ್ಟೆ, ಫ್ಯಾನಿನ ಕೆಳಗಿಟ್ಟೆ. ಸಂಜೆಗೂ ಮುಟ್ಟಿದರೆ ತಂಪು. ಬುಧವಾರ ಪೂಜೆ. ನನಗೆ ಅವಸರವಾಯಿತು. ರಾತ್ರಿ ಮಕ್ಕಳು ಮಲಗಿದ ಮೇಲೆ ಗ್ಯಾಸಿನ ಮೇಲೆ ರೊಟ್ಟಿಯ ಹಂಚು ಬೋರಲಿಟ್ಟು, ಸಣ್ಣ ಉರಿ ಮಾಡಿ, ಅದರ ಮೇಲೆ ಎರಡೂ ಎತ್ತುಗಳನ್ನು ನಿಲ್ಲಿಸಿದೆ. ಹಾಗೆ ಮಾಡಬಾರದಿತ್ತು. ಮೇಲಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಮಣ್ಣು ಕುಗ್ಗುವುದಿಲ್ಲ, ಆ ಎಳೆದಾಟಕ್ಕೆ ಮಣ್ಣು ಬಿರಿಯುತ್ತದೆ. ಅರ್ಧ ತಾಸಿಗೆ ಮಗಳ ಎತ್ತಿನ ಹೊಟ್ಟೆಯ ಉದ್ದಕ್ಕೂ ಕೂದಲೆಳೆಯ ಬಿರುಕು. ಮಗನ ಎತ್ತನ್ನು ಇಳಿಸಲು ಹೋದರೆ ಆ ತೆಳು ಕಾಲು ಹಂಚಿನ ಮೇಲೇ ಉಳಿಯಿತು.

ಮಂಗಳವಾರ ಬೆಳಿಗ್ಗೆ ಅವನು ಅತ್ತ ಅಳು ಈಗಲೂ ಕಿವಿಯಲ್ಲಿದೆ. ಬಿದ್ದು ಪೆಟ್ಟಾದಾಗ ಅಳುವ ಹಾಗಲ್ಲ. ಸದ್ದಿಲ್ಲದೆ, ತುಟಿ ಕಚ್ಚಿ, ಕಾಲಿಲ್ಲದ ಎತ್ತನ್ನು ಎದೆಗೆ ಒತ್ತಿಕೊಂಡು. ನನ್ನಿಂದ ಆದದ್ದು ಅಂತ ಹೇಳಿ ತಪ್ಪಾಯಿತು ಅಂದೆ. ಇನ್ನೊಂದು ಮಾಡೋಣ ಅಂದೆ. ತಲೆಯಲ್ಲಾಡಿಸಿದ. ಕೊನೆಗೆ ಅವ್ವನಿಗೆ ಫೋನು ಮಾಡಿ ಕೊಟ್ಟೆ.

ಅವ್ವ ಎತ್ತನ್ನು ನೋಡಿದವಳೇ ಮುಖ ಅರಳಿಸಿದಳು. "ಅಯ್ಯ, ಕುಂಟೆತ್ತ ಆಗೇತಲ್ಲೋ ನಮ್ಮಪ್ಪಾ! ಕುಂಟೆತ್ತಿಲ್ದ ಅಮಾಸಿ ಹೆಂಗಾಗತೈತಿ? ಊರಾಗ ಹುಡುಗೂರು ಬೇಕಂತನ ಒಂದ ಕಾಲ ಮುರೀತಾರ. ನಿಂದು ತಾನಾಗೇ ಮುರದೈತಿ. ನಾಡದ ಅದನ್ನ ಹಿಡ್ಕೊಂಡು ಮನಿ ಮನಿಗೆ ಹೋಗು, ಜ್ವಾಳ ನೀಡ್ರಿ ಅನ್ನು."

ನನಗದು ಮರೆತೇ ಹೋಗಿತ್ತು. ಅಮಾವಾಸ್ಯೆಯ ಮರುದಿನ ನಮ್ಮ ಅಣ್ಣ ಕುಂಟೆತ್ತನ್ನು ಹಲಗೆಯ ಮೇಲಿಟ್ಟುಕೊಂಡು ಓಣಿ ತುಂಬ ತಿರುಗುತ್ತಿದ್ದದ್ದು, ಹಿಂದೆ ನಾನು ಜೋಳದ ಚೀಲ ಹಿಡಿದು ಓಡುತ್ತಿದ್ದದ್ದು, ಬಂದ ಕಾಳಿನಿಂದ ಹುಡುಗರೆಲ್ಲ ಸೇರಿ ಅಡುಗೆ ಮಾಡಿ ಉಂಡದ್ದು, ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಮಗ ಕಣ್ಣೊರೆಸಿಕೊಂಡು ಕೇಳಿದ: "ಅಕ್ಕಂದು ಕುಂಟೆತ್ತಲ್ಲ?" ಅಲ್ಲ ಅಂದೆ. ಅವನದೊಂದೇ ಕುಂಟೆತ್ತು. ಆಮೇಲೆ ಅಳು ಎಲ್ಲಿ ಹೋಯಿತೋ.

ಬುಧವಾರ ಶಾಲೆಗೆ ಹೋಗುವ ಮೊದಲೇ ಪೂಜೆ. ಬಿರುಕಿಗೆ ನೀರು ಕೆಸರು ಮೆತ್ತಿ, ಕಣ್ಣಿಗೆ ಹಸಿ ಮಣ್ಣಿನ ಚುಕ್ಕೆಯಿಟ್ಟು ಅದರಲ್ಲಿ ಒಂದೊಂದು ಜೋಳದ ಕಾಳು ಒತ್ತಿದೆವು. ಕಣ್ಣು ಕಟ್ಟಕಡೆಗೆ ಇಡಬೇಕು ಅಂತ ಅವ್ವ ಮೊದಲೇ ಹೇಳಿದ್ದಳು. ಕಾಳು ಊರಿಂದ ಬಂದ ಬಿಳಿ ಜೋಳದ ಚೀಲದ್ದು. ಗೋದಲಿಗೂ ಅದೇ ಜೋಳ. ಹೋಳಿಗೆಯ ಎಡೆ. ಕುಂಟೆತ್ತು ನಿಲ್ಲಲಾರದ್ದರಿಂದ ಮಗ ಅದನ್ನು ಗೋದಲಿಗೆ ಒರಗಿಸಿದ.

ಗುರುವಾರ ಸಂಜೆ ಇಬ್ಬರೂ ಚಪಾತಿ ಮಣೆಯ ಮೇಲೆ ಎತ್ತು ಇಟ್ಟುಕೊಂಡು ಹೊರಟರು. ನಾನು ಹಿಂದೆ. ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕಿತ್ತು. ಊರಲ್ಲಿ ಇದು ಹಬ್ಬ, ಇಲ್ಲಿ ಗೊತ್ತಿಲ್ಲದವರ ಬಾಗಿಲು. ಎದುರು ಮನೆಯ ಆಜಿ ವರ್ಧಾ ಕಡೆಯವರು. ಬಾಗಿಲು ತೆಗೆದು ಎತ್ತು ನೋಡಿದವರೇ ಗಲ್ಲಕ್ಕೆ ಕೈ ಹಚ್ಚಿಕೊಂಡರು. ಪೋಳಾದ ಮರುದಿನ ಅವರ ಕಡೆ ತಾನ್ಹಾ ಪೋಳಾ ಅಂತೆ, ಮಕ್ಕಳು ಕಟ್ಟಿಗೆಯ ಎತ್ತು ಎಳೆದುಕೊಂಡು ಮನೆ ಮನೆಗೆ ಹೋಗುತ್ತಾರಂತೆ, ಅವರಿಗೆ ಕೊಡುವುದಕ್ಕೆ ಬೋಜಾರಾ ಅನ್ನುತ್ತಾರಂತೆ. "ಪುಣೆಗೆ ಬಂದ ಮೇಲೆ ನನ್ನ ಬಾಗಿಲಿಗೆ ಎತ್ತು ಬಂದದ್ದು ಇದೇ ಮೊದಲು" ಎಂದು ಮರಾಠಿಯಲ್ಲಿ ಹೇಳುತ್ತ ಒಳಗಿನಿಂದ ಆರತಿ ತಟ್ಟೆಯನ್ನೇ ತಂದರು. ಎತ್ತಿಗೆ ಕುಂಕುಮ, ಮಕ್ಕಳಿಗೆ ಕುಂಕುಮ, ಒಂದು ಬಟ್ಟಲು ತೊಗರಿಬೇಳೆ, ಹನ್ನೊಂದು ರೂಪಾಯಿ. ಕೆಳಗಿನ ಮಹಡಿಯ ಕೊಲ್ಲಾಪುರದವರಿಗೂ ಗುರುತು ಹತ್ತಿತು. ನಮ್ಮ ಕಾರಹುಣ್ಣಿಮೆಯನ್ನು ಅವರೂರಲ್ಲಿ ಕರ್ನಾಟಕೀ ಬೆಂದೂರ ಅನ್ನುತ್ತಾರೆ. ಅವರ ಮನೆಯಿಂದ ಅಕ್ಕಿ. ಮತ್ತೊಂದು ಮನೆಯಿಂದ ಬಿಸ್ಕತ್ತು. "ಕುಂಟೆತ್ತ ಬಂದೈತಿ" ಅಂತ ಮಗ ಎಲ್ಲ ಬಾಗಿಲಲ್ಲೂ ಕನ್ನಡದಲ್ಲೇ ಹೇಳಿದ. ಅರ್ಥವಾಗದವರಿಗೆ ಅಕ್ಕ ಮರಾಠಿಯಲ್ಲಿ ಬಿಡಿಸಿ ಹೇಳಿದಳು.

ಆ ಅಕ್ಕಿ, ಆ ಬೇಳೆ ಸೇರಿಸಿ ರಾತ್ರಿ ಕಿಚಡಿ ಮಾಡಿದೆ. ಎದುರು ಮನೆಯ ಆಜಿಯೂ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತು ಉಂಡರು.

ಎತ್ತುಗಳನ್ನು ಭಾನುವಾರ ಬಕೆಟ್ಟಿನಲ್ಲಿ ಬಿಟ್ಟೆವು. ಕರಗಲು ಬಹಳ ಹೊತ್ತು ಹಿಡಿಯಲಿಲ್ಲ. ಮೊದಲು ಕೋಡಿನ ಮಣ್ಣು ಜಾರಿತು, ಇಣಿ ಮೆತ್ತಗಾಗಿ ಕುಸಿಯಿತು, ನೀರಲ್ಲಿ ಹತ್ತಿಯ ಎಳೆಗಳು ತೇಲಿದವು. ಕೆಸರನ್ನು ನರ್ಸರಿ ಮಣ್ಣು ತುಂಬಿದ್ದ ಕುಂಡಕ್ಕೆ ಸುರಿದು ಬಾಲ್ಕನಿಯ ಮೂಲೆಗಿಟ್ಟೆ.

ಐದನೇ ದಿನ ಬೆಳಿಗ್ಗೆ ಮಗ ಕೂಗಿದ. ಕುಂಡದಲ್ಲಿ ಜೋಳ ಮೊಳೆತಿತ್ತು. ನಾಲ್ಕು ಕಣ್ಣಿನ ಕಾಳುಗಳಲ್ಲಿ ಮೂರು, ಎಳೆ ಹಸಿರು, ಬೆರಳುದ್ದ. ಮಗಳು ಬಗ್ಗಿ ಎರಡು ಸಲ ಎಣಿಸಿದಳು. ಬರದೇ ಇದ್ದ ಆ ಒಂದು ಕಣ್ಣು ಯಾರ ಎತ್ತಿನದು ಅಂತ ಅವರಿಬ್ಬರಲ್ಲಿ ಮಾತು ಶುರುವಾಯಿತು. "ನಂದು ಕುಂಟೆತ್ತು, ಸಾವಕಾಶ ಬರತೈತಿ" ಅಂತ ಮಗ ಕುಂಡದ ಪಕ್ಕದಲ್ಲೇ ಕೂತ.