ಲಂಡನ್ ಎಷ್ಟಂತೆ?

ಚಿಕ್ಕವಳಿದ್ದಾಗ ಲಂಡನ್ ಎಂದರೆ ಒಂದು ದರದ ಹೆಸರು ಎಂದುಕೊಂಡಿದ್ದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಅಪ್ಪನ ಕಾಫಿ ಪುಡಿ ಅಂಗಡಿ. ಬೆಳಿಗ್ಗೆ ತೋಟದವರು ಬಂದು ಬೆಂಚಿನ ಮೇಲೆ ಕುಳಿತರೆ ಮೊದಲ ಮಾತೇ "ಲಂಡನ್ ಎಷ್ಟಂತೆ?" ಎಂಬುದು. ಕಾಫಿಯ ಎರಡು ಬಗೆಯಲ್ಲಿ ರೋಬಸ್ಟಾ ಬೆಲೆ ಲಂಡನ್ನಿನ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಈಗಲೇ ದರ ಕಟ್ಟುವ ಪೇಟೆ), ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಏರಿಳಿಯುತ್ತದೆ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಈಗ ಆ ಲಂಡನ್ನಿನಿಂದ ಸುಮಾರು 300 ಕಿಲೋಮೀಟರ್ ಉತ್ತರಕ್ಕಿರುವ ಲೀಡ್ಸ್ ನಗರದಲ್ಲಿ ನನ್ನದೇ ಒಂದು ಸಣ್ಣ ಕಾಫಿ ಅಂಗಡಿ ಇದೆ. ಕೊಯ್ಲಿನ ಕಾಲವೆಂದು ಹದಿನೈದು ದಿನ ಊರಿಗೆ ಬಂದಿದ್ದೇನೆ. "ಅಕ್ಕ, ಅಲ್ಲಿ ವ್ಯಾಪಾರ ಹೇಗೆ ಕೈ ಹತ್ತಿತು?" ಎಂದು ಇಲ್ಲಿನ ಹುಡುಗರು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಅಪ್ಪನ ಗಲ್ಲಾದ ಪಕ್ಕದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕಾಗದಪತ್ರದ ಕೆಲಸಕ್ಕೆ ಯಾರೂ ಹೆದರಬೇಕಾಗಿಲ್ಲ. ತಿನ್ನುವ ಕುಡಿಯುವ ವ್ಯಾಪಾರವಾದರೆ ಬಾಗಿಲು ತೆರೆಯುವ 28 ದಿನ ಮೊದಲು ಅಲ್ಲಿನ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. ಆಮೇಲೆ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದು ಸ್ವಚ್ಛತೆ ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ತೆರಿಗೆಯಲ್ಲಿ ಒಂದು ವಿಚಿತ್ರವಿದೆ: ಕಾಫಿ ಪುಡಿ ಮಾರಿದರೆ ಮೌಲ್ಯವರ್ಧಿತ ತೆರಿಗೆ ಸೊನ್ನೆ, ಅದೇ ಪುಡಿಯಲ್ಲಿ ಬಿಸಿ ಕಾಫಿ ಮಾಡಿಕೊಟ್ಟರೆ ಶೇ 20. ವರ್ಷದ ವಹಿವಾಟು 90,000 ಪೌಂಡ್ ದಾಟಿದರೆ ಈ ತೆರಿಗೆಗೆ ನೋಂದಣಿ ಕಡ್ಡಾಯ. ಇಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು.

ನಾನು ಮುಗ್ಗರಿಸಿದ್ದು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ವಿಷಯದಲ್ಲಿ. ಒಂದು ಕಂಟೇನರ್ ಎಂದರೆ ಸುಮಾರು 320 ಚೀಲ, 19 ಟನ್ ಕಾಫಿ. ನನ್ನಂಥವಳು ಅದನ್ನು ತರಿಸುವ ಮಾತೇ ಇಲ್ಲ. ಆದ್ದರಿಂದ ಆಮದುದಾರರಿಂದ 60 ಕಿಲೋದ ಚೀಲ ಒಂದೊಂದಾಗಿ ಕೊಂಡು, ಐದು ಕಿಲೋ ಹಿಡಿಯುವ ಹಳೆಯ ಯಂತ್ರದಲ್ಲಿ ಹುರಿಯುತ್ತಿದ್ದೆ. ಚೀಲದ ಬೆಲೆಯನ್ನು 60ರಿಂದ ಭಾಗಿಸಿ, ಲಾಭ ಸೇರಿಸಿ ದರ ಬರೆದೆ. ಮೂರು ತಿಂಗಳು ಗಿರಾಕಿಗಳಿಗೆ ಕೊರತೆಯಿರಲಿಲ್ಲ, ಆದರೂ ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಹುರಿಯುವ ಮೊದಲು ತೂಗಿದೆಯೋ, ಹುರಿದ ಮೇಲೆ ತೂಗಿದೆಯೋ?"

ಹಸಿ ಬೀಜದಲ್ಲಿರುವ ನೀರು ಹುರಿಯುವಾಗ ಹಾರಿಹೋಗುತ್ತದೆ. ನೂರಕ್ಕೆ ಸುಮಾರು ಹದಿನೈದು ಭಾಗ ತೂಕ ಇಳಿಯುತ್ತದೆ, ಕಪ್ಪಗೆ ಹುರಿದರೆ ಇನ್ನೂ ಹೆಚ್ಚು. ನನ್ನ 60 ಕಿಲೋ ಯಂತ್ರದಿಂದ ಹೊರಬರುವಾಗ 51 ಕಿಲೋ ಆಗಿತ್ತು. ಪ್ರತಿ ಚೀಲದಲ್ಲೂ ಒಂಬತ್ತು ಕಿಲೋದ ಹಣವನ್ನು ನಾನೇ ಕೈಯಿಂದ ಕೊಡುತ್ತಿದ್ದೆ. ಅಂದಿನಿಂದ ಪ್ರತಿ ಹುರಿತಕ್ಕೂ ಎರಡು ತೂಕ ಬರೆದಿಡುತ್ತೇನೆ.

ಇನ್ನೊಂದು ಪೆಟ್ಟು ಬಿದ್ದದ್ದು ಸಾಲದಿಂದ. ಒಂದು ಕೆಫೆಯವರು ತಿಂಗಳ ಕೊನೆಗೆ ಹಣ ಕೊಡುತ್ತೇವೆಂದು ಮೂರು ತಿಂಗಳು ಪುಡಿ ಒಯ್ದರು. ನಾಲ್ಕನೆಯ ತಿಂಗಳು ಬಾಗಿಲಿಗೆ ಬೀಗ ಬಿದ್ದಿತ್ತು. ತಡವಾದ ಬಿಲ್ಲಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ಬಡ್ಡಿ ದರಕ್ಕೆ ಇನ್ನೂ ಶೇ 8 ಸೇರಿಸಿ ಬಡ್ಡಿ ಕೇಳಬಹುದು ಎಂದು 1998ರ ಕಾನೂನೇ ಇದೆ. ಬೀಗ ಹಾಕಿದ ಬಾಗಿಲಿನಿಂದ ಅಸಲೂ ಬರಲಿಲ್ಲ, ಬಡ್ಡಿಯೂ ಬರಲಿಲ್ಲ. ಆಗಲೂ ಅಪ್ಪ ಬೈಯಲಿಲ್ಲ. "ಸಾಲ ಕೊಡುವ ಮೊದಲು ಅವರಿಗೆ ಹಾಲು ಹಾಕುವವನನ್ನು ಕೇಳು ಮಗಳೇ. ಅವನಿಗೆ ಬಾಕಿ ನಿಲ್ಲಿಸಿಕೊಂಡವರು ನಿನಗೆ ಖಂಡಿತ ಕೊಡುವುದಿಲ್ಲ" ಎಂದರು. ಈಗ ಹಾಗೆಯೇ ಮಾಡುತ್ತೇನೆ. ಹಾಲಿನ ವ್ಯಾನಿನವನು ನನಗೆ ಒಳ್ಳೆಯ ಸ್ನೇಹಿತ.

ಚಿಕೋರಿಯ ವಿಷಯ ಹೇಳಲೇಬೇಕು. ಅಲ್ಲಿ ಕಾಫಿ ಬಲ್ಲವರೆನಿಸಿಕೊಂಡವರು ಚಿಕೋರಿ ಎಂದರೆ ಕಲಬೆರಕೆ ಎಂದು ಮುಖ ತಿರುಗಿಸುತ್ತಾರೆ. ತೆಗೆದುಬಿಡು ಎಂದು ಎಷ್ಟೋ ಜನ ಬುದ್ಧಿ ಹೇಳಿದರು. ಫಿಲ್ಟರ್ ಡಿಕಾಕ್ಷನ್ನಿಗೆ ಆ ಮೈ, ಆ ಬಣ್ಣ ಬರುವುದು ಚಿಕೋರಿಯಿಂದ. ಅದನ್ನು ಬಿಟ್ಟು ನಮ್ಮ ಕಾಫಿ ಎಂದು ಮಾರಲು ನನಗೆ ಮನಸ್ಸಾಗಲಿಲ್ಲ. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಡಬ್ಬಿಗೆ ಮೂಗು ಹಿಡಿದು, ಸ್ವಲ್ಪ ಹೊತ್ತು ಹಾಗೆಯೇ ನಿಂತು, "ಇದು ನಮ್ಮ ಅಜ್ಜಿಯ ಅಡುಗೆಮನೆ" ಎಂದರು. ಗ್ಲಾಸ್ಗೋದಲ್ಲಿ 1876ರಿಂದ 'ಕ್ಯಾಂಪ್' ಎಂಬ ಕಾಫಿ-ಚಿಕೋರಿ ಸಾರ ಶೀಶೆಯಲ್ಲಿ ತಯಾರಾಗುತ್ತಿತ್ತಂತೆ, ಅವರು ಬೆಳೆದದ್ದು ಅದರ ವಾಸನೆಯಲ್ಲಿ. ಅಂದಿನಿಂದ ಅವರು ನನ್ನ ಖಾಯಂ ಗಿರಾಕಿ. ಅಂಗಡಿಗೆ ಬಂದು "ನನ್ನದು" ಎಂದರೆ ಸಾಕು, 80 ಭಾಗ ಕಾಫಿಗೆ 20 ಭಾಗ ಚಿಕೋರಿ. ಇಲ್ಲಿಯೂ ಅಷ್ಟೇ ಅಲ್ಲವೇ? ಕೋಟೆ ಕಡೆಯ ಟೀಚರಮ್ಮ ಬಂದು "ನಮ್ಮದು ಅರ್ಧ ಕಿಲೋ" ಎನ್ನುತ್ತಾರೆ. ಯಾವ ಅಳತೆ ಎಂದು ಅಪ್ಪ ಕೇಳಿದ್ದನ್ನು ನಾನು ಕಂಡಿಲ್ಲ.

2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡ್ ತೂಕಕ್ಕೆ ನಾಲ್ಕು ಡಾಲರ್ ದಾಟಿತು. ಹಿಂದೆಂದೂ ಕಾಣದ ಬೆಲೆ. ಬ್ರೆಜಿಲ್ಲಿನಲ್ಲಿ ಬರ, ವಿಯೆಟ್ನಾಮಿನಲ್ಲಿಯೂ ಒಣಹವೆ. ಅಪ್ಪನ ಅಂಗಡಿಯ ಬೆಂಚಿನಲ್ಲಿ ಹಬ್ಬ. ಎಷ್ಟೋ ವರ್ಷ ಗೊಬ್ಬರದ ಖರ್ಚೂ ಹುಟ್ಟದೆ ತೋಟ ಮಾರುವ ಯೋಚನೆಯಲ್ಲಿದ್ದ ಮಾವನವರು ಫೋನಿನಲ್ಲಿ ನಕ್ಕಾಗ ನನಗೂ ಕಣ್ಣು ತುಂಬಿತು. ಫೋನ್ ಇಟ್ಟು ನೋಡಿದರೆ ನಾನು ಕೊಳ್ಳಬೇಕಾದ ಮುಂದಿನ ಚೀಲದ ಬೆಲೆ ಮುಂದೆ ಕುಳಿತಿತ್ತು. ಊರಿನವಳಾಗಿ ಬೇಡಿಕೊಂಡದ್ದನ್ನೇ ಅಂಗಡಿಯವಳಾಗಿ ತಡೆದುಕೊಳ್ಳಬೇಕಾಯಿತು.

ಸುತ್ತಲಿನವರು ಪೊಟ್ಟಣ ಸಣ್ಣದು ಮಾಡಿದರು. 250 ಗ್ರಾಂ ಇದ್ದದ್ದು 200 ಆಯಿತು, ಬೆಲೆ ಮಾತ್ರ ಹಾಗೆಯೇ ಉಳಿಯಿತು. ನನಗೆ ಅದು ಸರಿಕಾಣಲಿಲ್ಲ. ನಮ್ಮ ಲೀಡ್ಸಿನ ಕರ್ಕ್‌ಗೇಟ್ ಮಾರುಕಟ್ಟೆಯಲ್ಲಿ 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸೆಗಾರ ಒಂದು ಮೇಜು ಹಾಕಿಕೊಂಡು ವ್ಯಾಪಾರ ಆರಂಭಿಸಿದ. ಇಂಗ್ಲಿಷ್ ಸರಿಯಾಗಿ ಬರದ ಆತ "ಬೆಲೆ ಕೇಳಬೇಡಿ, ಒಂದು ಪೆನ್ನಿ" ಎಂದು ಫಲಕ ತೂಗುಹಾಕಿದ. ಆ ಮೇಜೇ ಮುಂದೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಆಯಿತು. ಆ ಫಲಕವನ್ನು ನೆನೆದು ನಾನೂ ಒಂದು ಫಲಕ ಬರೆದೆ: ಹಳೆಯ ಬೆಲೆ ಇಷ್ಟು, ಹೊಸ ಬೆಲೆ ಇಷ್ಟು, ಬೀಜ ಬೆಳೆದವರಿಗೆ ಈ ವರ್ಷ ಒಳ್ಳೆಯ ದರ ಸಿಕ್ಕಿದೆ, ತೂಕ ಅದೇ 250 ಗ್ರಾಂ. ಕೆಲವರು ಬಿಟ್ಟುಹೋದರು, ಹೆಚ್ಚಿನವರು ಉಳಿದರು.

ಮೊನ್ನೆ ಊರಿಗೆ ಬಂದ ದಿನ ಆ ಪೊಟ್ಟಣವೊಂದನ್ನು ಅಪ್ಪನ ಕೈಗಿಟ್ಟೆ. ಅವರು ಚಿತ್ರ ನೋಡಲಿಲ್ಲ, ಬರಹ ಓದಲಿಲ್ಲ. ನೇರವಾಗಿ ತಕ್ಕಡಿಯ ಮೇಲಿಟ್ಟರು. 262.

"ಖಾಲಿ ಕವರ್ ಎಷ್ಟು?"

"ಹತ್ತು ಗ್ರಾಂ ಅಪ್ಪ."

"ಎರಡು ಗ್ರಾಂ ಹೆಚ್ಚೇ ಇದೆ" ಎಂದವರೇ ಪೊಟ್ಟಣದ ಬಾಯಿ ಕತ್ತರಿಸಿ, ಒಳಗೆ ಹೋಗಿ ಫಿಲ್ಟರಿಗೆ ಪುಡಿ ಹಾಕಿದರು.