ತಾಳ್ಮೆ ಇಲ್ಲ, ಸುಮ್ಮನಿರುತ್ತೇನೆ ಅಷ್ಟೇ

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಪರೀಕ್ಷಕಿ ಆಗುವ ಯೋಗ ನನ್ನ ಜಾತಕದಲ್ಲಿದೆ ಅಂತ ಯಾವ ಜೋಯಿಸರೂ ಹೇಳಿರಲಿಲ್ಲ. ಹೋದ ಭಾನುವಾರ ಅದೂ ಆಯಿತು. ಅಣ್ಣನ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಬಂದವಳು ಮುಖ ತೊಳೆದು, ಎರಡು ಇಡ್ಲಿ ತಿಂದು, ಪ್ರಿಂಟ್ ತೆಗೆಸಿದ ಪ್ರಶ್ನೆಗಳ ಕಟ್ಟನ್ನು ನನ್ನ ಮುಂದೆ ಇಟ್ಟಳು. "ಅತ್ತೆ, ಈಗ ನೀವು ಎಕ್ಸಾಮಿನರ್. ತಲೆ ಆಡಿಸಬಾರದು, ಮಧ್ಯೆ ಬಾಯಿ ಹಾಕಬಾರದು, 'ಹೌದಾ' ಅನ್ನಬಾರದು." ಹೌದಾ ಅನ್ನದೆ ಹತ್ತು ನಿಮಿಷ ಕೂರುವುದು ನನಗೆಷ್ಟು ಕಷ್ಟ ಅಂತ ನಮ್ಮ ಬೀದಿಗೆಲ್ಲ ಗೊತ್ತು.

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಆಗಬೇಕಾದರೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು. ಈ ಪರೀಕ್ಷೆಯ ದಾರಿ ಹಿಡಿದರೆ ಓದುವುದು, ಕೇಳಿಸಿಕೊಳ್ಳುವುದು, ಮಾತಾಡುವುದು ಮೂರರಲ್ಲೂ 9ಕ್ಕೆ 7 ಬರಬೇಕು, ಬರವಣಿಗೆಯಲ್ಲಿ 6.5. ಬಂದ ಅಂಕಕ್ಕೆ ಎರಡು ವರ್ಷ ಆಯಸ್ಸು. ಇವಳಿಗೆ ಉಳಿದ ಮೂರರ ಹೆದರಿಕೆ ಇಲ್ಲ, ಮಾತೇ ಕಷ್ಟ. ತಿಪಟೂರು ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ಕೇಸ್ ಶೀಟ್ ಇಂಗ್ಲಿಷಿನಲ್ಲೇ ಬರೆಯುತ್ತಾಳೆ, ರೌಂಡ್ಸಿಗೆ ಬಂದ ಡಾಕ್ಟರಿಗೆ ಇಂಗ್ಲಿಷಿನಲ್ಲೇ ವರದಿ ಒಪ್ಪಿಸುತ್ತಾಳೆ. ನಿನ್ನ ಬಗ್ಗೆ ಹೇಳು ಅಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ಇಂಗ್ಲಿಷನ್ನು ದೂರುವಂತಿಲ್ಲ. ಕನ್ನಡದಲ್ಲಿ ಕೇಳಿದರೂ ಅವಳ ಬಾಯಿ ಕಟ್ಟುವುದೇ.

ಮಾತಿನ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ. ಮೊದಲು ಹೆಸರು, ಊರು, ಉದ್ಯೋಗ, ಆಮೇಲೆ ದಿನನಿತ್ಯದ ಒಂದೆರಡು ವಿಷಯ. ನಡುವೆ ವಿಷಯ ಬರೆದ ಒಂದು ಕಾರ್ಡು, ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಒಂದು ನಿಮಿಷ ಯೋಚಿಸಲು ಬಿಡುತ್ತಾರೆ. ಆಮೇಲೆ ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಕೊನೆಗೆ ಅದೇ ವಿಷಯ ಹಿಡಿದು ಸ್ವಲ್ಪ ಚರ್ಚೆ. ದಿನನಿತ್ಯದ ವಿಷಯ ಅಂದರೆ ನಿಜಕ್ಕೂ ದಿನನಿತ್ಯದ್ದೇ: ಶೂ, ಕನ್ನಡಿ, ಮಳೆ, ಚಾಕೊಲೇಟು, ಅಕ್ಕಪಕ್ಕದ ಮನೆಯವರು. ಅವತ್ತು ಕಟ್ಟಿನ ಮೇಲಿನ ಹಾಳೆಯಲ್ಲಿ ಇದ್ದದ್ದು ತಾಳ್ಮೆ. ನಿಮಗೆ ತಾಳ್ಮೆ ಇದೆಯೇ, ಯಾವುದಕ್ಕೆ ತಾಳ್ಮೆ ಕೆಡುತ್ತದೆ, ಚಿಕ್ಕವರಿದ್ದಾಗ ಜಾಸ್ತಿ ಇತ್ತೇ ಈಗ ಜಾಸ್ತಿಯೇ.

ಇದಕ್ಕೆಲ್ಲ ಕೋಚಿಂಗ್ ಕ್ಲಾಸಿನ ಮೇಷ್ಟ್ರು ಉತ್ತರ ಬರೆಸಿದ್ದಾರೆ. "ವೆಲ್, ಟು ಬಿ ಆನೆಸ್ಟ್, ಐ ಕನ್ಸಿಡರ್ ಮೈಸೆಲ್ಫ್ ಎ ಹೈಲಿ ಪೇಷಂಟ್ ಇಂಡಿವಿಜುವಲ್." ಹಿಂದೆಯೇ ರೋಮ್ ನಗರವನ್ನು ಒಂದೇ ದಿನದಲ್ಲಿ ಕಟ್ಟಲಿಲ್ಲ ಅನ್ನುವ ಮಾತು. ಇಡೀ ಬ್ಯಾಚು ಇದನ್ನೇ ಉರು ಹೊಡೆದಿದೆ. ಒಂದೇ ದಿನ ಹತ್ತು ಹುಡುಗಿಯರು ಬಂದು ಅದೇ ರೋಮ್ ನಗರ ಕಟ್ಟಿದರೆ ಎದುರು ಕೂತವರಿಗೆ ಬಾಯಿಪಾಠ ಅಂತ ಗೊತ್ತಾಗುವುದಿಲ್ಲವೇ? ಮೇಷ್ಟ್ರನ್ನು ನಾನು ಒಮ್ಮೆ ನೋಡಿದ್ದೇನೆ. ಒಳ್ಳೆಯವರೇ, ಫೀಸು ಕಂತಿನಲ್ಲಿ ಕಟ್ಟಲು ಬಿಟ್ಟರು. ಆದರೆ ಮಕ್ಕಳ ಬಾಯಿಂದ ಒಂದಾದರೂ ಸ್ವಂತ ವಾಕ್ಯ ಹೊರಟರೆ ಅವರಿಗೆ ಗಾಬರಿ.

ಆದಷ್ಟು ಬಿಗಿಯಾಗಿ ಮುಖ ಇಟ್ಟುಕೊಂಡು ಕೇಳಿದೆ: "ಆರ್ ಯೂ ಎ ಪೇಷಂಟ್ ಪರ್ಸನ್?"

"ವೆಲ್, ಟು ಬಿ ಆನೆಸ್ಟ್..." ಅಂದವಳು ಅಲ್ಲಿಗೇ ನಿಂತಳು. ಮರೆತಿರಬೇಕು ಅಂದುಕೊಂಡೆ.

"ನೋ. ಐ ಆಮ್ ನಾಟ್ ಪೇಷಂಟ್, ಅತ್ತೆ. ಐ ಆಮ್ ಓನ್ಲಿ ಕ್ವೈಯಟ್."

ನಾನು ಪರೀಕ್ಷಕಿ, ಹೌದಾ ಅನ್ನುವಂತಿಲ್ಲ. ಮುಂದಿನ ಪ್ರಶ್ನೆಗೆ ಹೋದೆ.

ಅವಳು ಇದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ, ತಪ್ಪು ಗುರುತು ಮಾಡಿಕೊಡಿ ಅಂತ ನನಗೂ ವಾಟ್ಸಾಪ್ ಮಾಡಿದಳು. ವಾರವೆಲ್ಲ ಅದನ್ನೇ ಕೇಳಿದ್ದೇನೆ. ಆ ಜಾಗ ಬಂದಾಗ ಬೆರಳು ತಾನಾಗಿ ಹಿಂದಕ್ಕೆ ಎಳೆಯುತ್ತದೆ. 'ಟು ಬಿ ಆನೆಸ್ಟ್' ಆದಮೇಲೆ ಒಂದು ಖಾಲಿ ಜಾಗ, ಅಲ್ಲಿ ನಮ್ಮ ಕುಕ್ಕರ್ ಒಂದು ಸಲ ಕೂಗುತ್ತದೆ, ಆಮೇಲೆ 'ನೋ'. ಆ 'ನೋ'ದಲ್ಲಿ ಸಿಟ್ಟಿಲ್ಲ. ಬಿಪಿ ಎಷ್ಟಿದೆ ಅಂತ ಕೇಳಿದರೆ ಹೇಳುತ್ತಾರಲ್ಲ, ಆ ದನಿ.

ನಮ್ಮ ಕಡೆ ಇವಳ ತಾಳ್ಮೆಗೆ ದೊಡ್ಡ ಹೆಸರು. ಭೂಮಿತಾಯಿ ಅಂತಲೇ ನಮ್ಮ ಅತ್ತಿಗೆ ಕರೆಯುವುದು. ನಾನೂ ಕಣ್ಣಾರೆ ಕಂಡಿದ್ದೇನೆ. ನಮ್ಮಮ್ಮನಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದಾಗ ಕ್ಯಾನುಲಾ, ಅಂದರೆ ನರಕ್ಕೆ ಔಷಧಿ ಬಿಡುವ ಸಣ್ಣ ನಳಿಕೆ, ಹಾಕಬೇಕಿತ್ತು. ಎಂಬತ್ತು ದಾಟಿದ ಕೈ, ನರ ಬೆರಳಿಗೆ ಸಿಕ್ಕ ಹಾಗೆ ಮಾಡಿ ಜಾರಿಕೊಳ್ಳುತ್ತಿತ್ತು. ಇವಳು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮಂಚದ ಪಕ್ಕ ಮಂಡಿಯೂರಿ, ಮುಂಗೈಯನ್ನು ಎರಡು ಬೆರಳಲ್ಲಿ ತಟ್ಟುತ್ತಾ "ಅಜ್ಜಿ, ಮುಷ್ಟಿ ಕಟ್ಟು. ಬಿಡು. ಇನ್ನೊಂದ್ ಸಲ ಕಟ್ಟು" ಅನ್ನುತ್ತಿದ್ದಳು. ನಮ್ಮಮ್ಮ ಅವಳ ವಂಶವನ್ನೇ ಜಾಲಾಡಿದಳು, ಅದು ತನ್ನದೇ ವಂಶ ಅನ್ನುವುದನ್ನೂ ಮರೆತು. ಕೊನೆಗೆ ಸೂಜಿ ಕೂತಿತು. ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದು, ಅಜ್ಜಿಯ ಬಳೆ ಸರಿಮಾಡಿ ಎದ್ದಳು.

ಭಾನುವಾರ ಪರೀಕ್ಷೆ ಮುಗಿದಮೇಲೆ ಕೇಳಿದೆ, ಹಾಗಾದರೆ ಅದೇನೇ? "ಅದು ಕೆಲಸ ಅತ್ತೆ. ನರ ಹುಡುಕ್ತಿರ್ತೀನಿ, ಬೈಗುಳ ಎಲ್ಲಿ ಕೇಳಿಸುತ್ತೆ?" ಅಂದಳು. ಅವಳು ಸುಮ್ಮನಿರುವ ಜಾಗಗಳೇ ಬೇರೆ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಬಿಡಿಸಲು ಬರಬೇಕಾದ ನರ್ಸ್ ಮುಕ್ಕಾಲು ಗಂಟೆ ತಡ ಮಾಡಿ, ಟ್ರಾಫಿಕ್ಕು ಕಣೇ ಅಂದಾಗ 'ಪರವಾಗಿಲ್ಲ' ಅನ್ನುವುದು. ಡಾಕ್ಟರು ಯಾವಾಗ ಬರ್ತಾರೆ ಸಿಸ್ಟರ್ ಅಂತ ಕೇಳಿದವರಿಗೆ ಐದು ನಿಮಿಷ ಅನ್ನುವುದು, ಐದು ನಿಮಿಷವಲ್ಲ ಅಂತ ಗೊತ್ತಿದ್ದೂ ಅನ್ನುವುದು, ಆಮೇಲೆ ಡಾಕ್ಟರ ಪಾಲಿನ ಬೈಗುಳವನ್ನೂ ತಾನೇ ತಿನ್ನುವುದು. ವಿದೇಶಕ್ಕೆ ಬೇಕಾದ ಒಂದು ಪತ್ರಕ್ಕೆ ಒಂದು ಕಚೇರಿಗೆ ಅಲೆದಳು. ಕಿಟಕಿಯೊಳಗಿನವರು ತಲೆ ಎತ್ತದೆ 'ನಾಳೆ ಬಾಮ್ಮ' ಅಂದಾಗಲೆಲ್ಲ 'ಸರಿ ಸರ್' ಅಂದು ಬಸ್ಸು ಹತ್ತಿದಳು. ಇವನ್ನೆಲ್ಲ ನೋಡಿ ನಾವು ಏನು ತಾಳ್ಮೆ ಅಂತ ಹೊಗಳಿದ್ದು. ಆ ಕಿಟಕಿಯ ಮುಂದೆ ದನಿ ಎತ್ತಿದ್ದರೆ ಪತ್ರ ಇನ್ನೂ ಒಂದು ತಿಂಗಳು ಆಚೆ ಹೋಗುತ್ತಿತ್ತು ಅನ್ನುವುದು ಅವಳಿಗೆ ಗೊತ್ತಿತ್ತು. ಅಷ್ಟೇ ವಿಷಯ.

ಇನ್ನು ನಮ್ಮಣ್ಣ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಫಿ ಬಂದಿರದಿದ್ದರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುವ ಮನುಷ್ಯ. ಆದರೆ ಕೊಬ್ಬರಿ ವಿಷಯದಲ್ಲಿ ಮಾತ್ರ ಋಷಿ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಸುಮಾರು ಒಂದು ವರ್ಷ ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಟ್ಟಕ್ಕೆ ಹತ್ತಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಅವನ ಮುಖ ನೋಡಬೇಕು. ಆದ ಮೇಲೂ ಧಾರಣೆ ನೋಡಿಕೊಂಡೇ ಇಳಿಸುವುದು. 2023ರಲ್ಲಿ ಧಾರಣೆ ನೆಲ ಕಚ್ಚಿದಾಗ ಊರೆಲ್ಲ ಬಾಯಿ ಬಡಿದುಕೊಂಡಿತು, ಇವನು ಬಾಯಿ ಬಿಡಲಿಲ್ಲ. 2025ರಲ್ಲಿ ಕ್ವಿಂಟಲ್ಲಿಗೆ 20 ಸಾವಿರ ದಾಟಿದಾಗ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ. ಅದು ತಾಳ್ಮೆಯೇ, ಇಲ್ಲ ಅನ್ನಲಾರೆ. ಅಟ್ಟ ಅವನದು, ಏಣಿ ಅವನದು, ಬೇಕಾದ ದಿನ ಇಳಿಸಬಹುದು, ಬೇಡ ಅಂತ ಕೂತಿದ್ದಾನೆ. ಮಗಳಿಗೆ ಆ ಏಣಿ ಯಾವತ್ತು ಇತ್ತು? ಅವಳು ಕಾದದ್ದೆಲ್ಲ ಬೇರೆಯವರು ಬಾಗಿಲು ತೆಗೆಯಲಿ ಅಂತ.

ಹೋದ ವರ್ಷ ಹಾಸನದಿಂದ ಅವಳನ್ನು ನೋಡಲು ಬಂದಿದ್ದರು. ಉಪ್ಪಿಟ್ಟು ಕೇಸರಿಬಾತು ಆದಮೇಲೆ ನಮ್ಮಣ್ಣ ಎದೆ ಉಬ್ಬಿಸಿ "ನಮ್ ಹುಡುಗಿಗೆ ತಾಳ್ಮೆ ಅಂದ್ರೆ ತಾಳ್ಮೆ, ಎಂಥಾ ಮನೆಗಾದ್ರೂ ಹೊಂದ್ಕೋತಾಳೆ" ಅಂದ. ಹುಡುಗನ ತಾಯಿಯ ಮುಖ ಅರಳಿತು. ಆ ಅರಳಿದ್ದು ನೋಡಿಯೇ ನನಗೆ ಆ ಸಂಬಂಧ ಬೇಡ ಅನ್ನಿಸಿತ್ತು. ಬೇರೆ ಕಾರಣಕ್ಕೆ ಅದು ಕೂಡಿ ಬರಲಿಲ್ಲ, ಒಳ್ಳೆಯದೇ ಆಯಿತು. ಅವತ್ತೂ ಅವಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ನಿನಗೆ ತಾಳ್ಮೆ ಇದೆಯಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಂದೇ ಉತ್ತರಕ್ಕೆ ಜಾಗ ಇತ್ತು.

ಈ ಪರೀಕ್ಷೆಯ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲಿ. ಎದುರು ಕೂತ ಗುರುತು ಪರಿಚಯ ಇಲ್ಲದ ಮನುಷ್ಯ ನಾಲ್ಕೇ ಸಂಗತಿಗೆ ಅಂಕ ಹಾಕುತ್ತಾನೆ: ಮಾತು ತಡವರಿಸದೆ ಒಂದಕ್ಕೊಂದು ಹೊಂದಿಕೊಂಡು ಬರುತ್ತದೆಯೇ, ಪದಗಳು ಸಾಕಷ್ಟು ಇವೆಯೇ, ವ್ಯಾಕರಣ ಹೇಗಿದೆ, ಉಚ್ಚಾರಣೆ ಹೇಗಿದೆ. ನಾಲ್ಕಕ್ಕೂ ಸಮಪಾಲು. ಗುಣನಡತೆಗೆ ಅಂಕ ಇಲ್ಲ. ತಾಳ್ಮೆ ಇದೆ ಅಂದರೂ ಅಷ್ಟೇ, ಸುತರಾಂ ಇಲ್ಲ ಅಂದರೂ ಅಷ್ಟೇ. ಇಪ್ಪತ್ತಾರು ವರ್ಷದ ಹುಡುಗಿಗೆ, 'ಇಲ್ಲ' ಅಂದರೂ ಏನೂ ಕಳೆದುಕೊಳ್ಳದ ಜಾಗ ಸಿಗಬೇಕಾದರೆ ದುಡ್ಡು ಕಟ್ಟಿ, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಬೇಕಾಯಿತು ನೋಡಿ.

'ಟು ಬಿ ಆನೆಸ್ಟ್' ಅಂದು ಮಾತು ನಿಲ್ಲಿಸಿದ್ದಕ್ಕೆ ಅಂಕ ಹೋಗುತ್ತದೆ ಅಂತ ಅವಳಿಗೆ ಆತಂಕ. ಮೇಷ್ಟ್ರು ಒಂದು ಸೆಕೆಂಡೂ ಖಾಲಿ ಬಿಡಬೇಡಿ, ವೆಲ್, ಯೂ ನೋ, ಏನಾದರೂ ತುಂಬಿಸಿ ಅಂದಿದ್ದಾರಂತೆ. ಅಂಕ ಹೇಗೆ ಹಾಕುತ್ತೇವೆ ಅನ್ನುವುದನ್ನು ಪರೀಕ್ಷೆಯವರೇ ಪ್ರಕಟಿಸಿದ್ದಾರೆ. ಕೂತು ಓದಿದೆ. 9 ಅಂಕದವರೂ ನಿಲ್ಲುತ್ತಾರೆ. ಆದರೆ ಅವರು ನಿಲ್ಲುವುದು ಪದಕ್ಕೆ ತಡಕಾಡಿ ಅಲ್ಲ, ಏನು ಹೇಳಲಿ ಅಂತ ಯೋಚಿಸಿ. 7 ಅಂಕದವರು ಅಲ್ಲಲ್ಲಿ ತಡವರಿಸಿದರೂ, ತಮ್ಮನ್ನು ತಾವೇ ತಿದ್ದಿಕೊಂಡರೂ ನಡೆಯುತ್ತದೆ. ಕುಕ್ಕರ್ ಕೂಗಿದ ಆ ಖಾಲಿ ಜಾಗ 9 ಅಂಕದ್ದು ಕಣೇ ಅಂದೆ. ಅತ್ತೆ ಅಲ್ವಾ, ನೀವು ಹಾಗೇ ಹೇಳೋದು ಅಂದಳು.

ಕಾರ್ಡಿನ ಸುತ್ತಿನಲ್ಲಿ ಬಹಳ ಹೊತ್ತು ಕಾದ ಒಂದು ಸಂದರ್ಭ ಹೇಳಿ ಅಂತಿತ್ತು. ಆ ಕಚೇರಿಯ ಕಿಟಕಿಯ ಕಥೆ ಶುರು ಮಾಡಿದಳು. ಎರಡು ನಿಮಿಷಕ್ಕೆ ಟೈಮರ್ ಹೊಡೆಯಿತು, ವಾಕ್ಯದ ಮಧ್ಯಕ್ಕೇ ಥ್ಯಾಂಕ್ ಯೂ ಅಂದು ನಿಲ್ಲಿಸಿದೆ. ನಿಯಮ ಹಾಗೆ. ಆ ಮೇಲೆ ಚರ್ಚೆಯ ಪ್ರಶ್ನೆ: ಹಿಂದಿನ ಕಾಲದವರಿಗೆ ತಾಳ್ಮೆ ಹೆಚ್ಚಿತ್ತು ಅನ್ನಿಸುತ್ತದೆಯೇ? ಮೇಷ್ಟ್ರ ಉತ್ತರ ಮೊಬೈಲಿಂದ ಇಂದಿನ ಪೀಳಿಗೆ ಕೆಟ್ಟಿತು ಅಂತ. ಇವಳು ಅಂದದ್ದು, "ದೇ ವೇಟೆಡ್. ನೋಬಡಿ ಆಸ್ಕ್ಡ್ ದೆಮ್."

ನಮ್ಮಪ್ಪ ನೆನಪಾದರು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು. ಫೋನಿಗೂ ಹಾಗೇ. ಆ ಕಾಲದವರ ಸಮಾಧಾನವೇ ಬೇರೆ ಅಂತ ನಾವೆಲ್ಲ ಭಾಷಣ ಮಾಡುತ್ತೇವೆ. ಇನ್ನೊಂದು ಸ್ಕೂಟರು ಅಂಗಡಿಯಲ್ಲಿ ಇದ್ದಿದ್ದರೆ ಅಪ್ಪ ಅದೇ ಮಧ್ಯಾಹ್ನ ತಂದುಬಿಡುತ್ತಿದ್ದರು, ಅವರ ಸ್ವಭಾವ ಗೊತ್ತಿದ್ದೇ ಹೇಳುತ್ತಿದ್ದೇನೆ. ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆಗೆ ಬರುತ್ತದೆ, ತರುವ ಹುಡುಗ ಗೇಟಿನ ಹತ್ತಿರ ನಿಂತು ನಾವು ಓಟಿಪಿ ಹುಡುಕಲಿ ಅಂತ ಕಾಯುತ್ತಾನೆ. ಅವನೂ ಬಹಳ ಸಮಾಧಾನದ ಹುಡುಗ ಅಂತ ನಮ್ಮ ಅಪಾರ್ಟ್‌ಮೆಂಟಿನವರು ಐದು ಸ್ಟಾರ್ ಕೊಡುತ್ತಾರೆ.

ಪರೀಕ್ಷೆ ಗುರುವಾರ ಆಯಿತು. ತಾಳ್ಮೆ ಬರಲೇ ಇಲ್ಲ. ಶೂ ಬಗ್ಗೆ ಕೇಳಿದರಂತೆ, ಕಾರ್ಡಿನಲ್ಲಿ ಹಳೆಯ ಸ್ನೇಹಿತೆ. ಚೆನ್ನಾಗಿ ಮಾತಾಡಿದೆಯಾ ಅಂದರೆ, ಮಾತಾಡಿದೆ ಅಂದಳು. ರಿಸಲ್ಟಿಗೆ ಇನ್ನೂ ಕೆಲವು ದಿನ ಇದೆ. ನಮ್ಮಣ್ಣ ಆಗಲೇ ಶುರು ಹಚ್ಚಿಕೊಂಡಿದ್ದಾನೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಅವಳು ಎತ್ತುತ್ತಿಲ್ಲ, ಬಂತಾ ಅಂತ ನೀನೇ ಕೇಳಿ ಹೇಳು ಅಂದ. ನೈಟ್ ಡ್ಯೂಟಿ ಮಾಡಿ ಮಲಗಿದ್ದಾಳೆ, ಎಬ್ಬಿಸೋದಿಲ್ಲ ಅಂದೆ. "ಒಂದು ನಿಮಿಷ ಎಬ್ಬಿಸಿದ್ರೆ ಏನಾಗುತ್ತೆ?" ಅಂದ. ಕಾಯಿ ಕೊಬ್ಬರಿ ಆಗೋಕೆ ಎಷ್ಟು ತಿಂಗಳು ಬೇಕಣ್ಣ ಅಂತ ಕೇಳಿದೆ. ಫೋನ್ ಇಟ್ಟುಬಿಟ್ಟ.