ಬ್ಲಾಕ್ ಜೋಡಿಸಿದರೆ ಗಣಿತ ಬರುತ್ತದಾ?

ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್‌ನ ಹೆಸರೆತ್ತಿದ ಕೂಡಲೇ ಗಣಿತ ಮೇಷ್ಟ್ರುಗಳು ಕೇಳುವುದು ಇದನ್ನೇ: ಬಣ್ಣದ ಬ್ಲಾಕ್ ಜೋಡಿಸುತ್ತಾ ಕೂತರೆ ಮಕ್ಕಳಿಗೆ ಗಣಿತ ಬರುತ್ತದಾ, ಬರೀ ಆಟವಾಗುತ್ತದಾ? ಬರುತ್ತದೆ. ಆದರೆ ಮಕ್ಕಳು ಮಾಡುವ ಮೊದಲ ತಪ್ಪನ್ನು ನಾವು ಅವಸರಪಟ್ಟು ತಿದ್ದಬಾರದು.

ಬಾಹ್ಯಕೋನದ ಪಾಠವನ್ನೇ ತೆಗೆದುಕೊಳ್ಳಿ. ಪರದೆಯ ಎಡ ಕೆಳಮೂಲೆಯ ಗುಂಡಿ ಒತ್ತಿ ಗೆರೆ ಎಳೆಯುವ ಬ್ಲಾಕ್‌ಗಳಿರುವ 'ಪೆನ್' ಎಕ್ಸ್‌ಟೆನ್ಷನ್ ಸೇರಿಸಿ. ಮೊದಲಿಗೆ 'ಪೆನ್ ಅಪ್', 'ಇರೇಸ್ ಆಲ್', 'ಗೋ ಟು ಎಕ್ಸ್ 0 ವೈ 0', 'ಪಾಯಿಂಟ್ ಇನ್ ಡೈರೆಕ್ಷನ್ 90', ಆಮೇಲೆ 'ಪೆನ್ ಡೌನ್'. ಇಷ್ಟನ್ನು ಬಿಟ್ಟರೆ ಎರಡನೇ ಸಲ ಓಡಿಸಿದಾಗ ಪರದೆಯ ಮೇಲೆ ನಡೆದು ಗೆರೆ ಎಳೆಯುವ ಬೆಕ್ಕು ಹಿಂದೆ ನಿಂತ ಜಾಗದಿಂದಲೇ ಹೊರಡುತ್ತದೆ. ಲೆಕ್ಕವೇ ತಪ್ಪಿತೆಂದು ಮಕ್ಕಳು ಕಂಗಾಲಾಗುತ್ತಾರೆ.

'ರಿಪೀಟ್ 4' ಒಳಗೆ 'ಮೂವ್ 100', 'ಟರ್ನ್ 90', 'ವೇಟ್ 1'. ಚೌಕ ಬಂತು. ಆದರೆ ಚೌಕದಿಂದ ಏನೂ ಕಲಿತಂತಾಗುವುದಿಲ್ಲ. ಅದರಲ್ಲಿ ಒಳಕೋನ, ಬಾಹ್ಯಕೋನ ಎರಡೂ 90.

ಪಾಠ ಶುರುವಾಗುವುದು ಸಮಬಾಹು ತ್ರಿಭುಜದಲ್ಲಿ. ಪುಸ್ತಕದಲ್ಲಿ ಓದಿದ 60 ಅನ್ನೇ ಮಕ್ಕಳು 'ಟರ್ನ್'ಗೆ ಹಾಕುತ್ತಾರೆ. ಗೆರೆ ಕೂಡಿಕೊಳ್ಳುವುದಿಲ್ಲ, ಅರ್ಧ ಷಡ್ಭುಜ ಬಾಯಿ ತೆರೆದು ನಿಲ್ಲುತ್ತದೆ. ಆಗ ಉತ್ತರ ಹೇಳಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದು ಒಬ್ಬಳನ್ನು ಗೆರೆಯ ಮೇಲೆ ನಡೆಸಿ. ಮೂಲೆಗೆ ಬಂದಾಗ ಅವಳ ಮುಖ ಇನ್ನೂ ನೇರ ಮುಂದಕ್ಕಿದೆ. ಮುಂದಿನ ಗೆರೆ ಹಿಡಿಯಲು ಎಷ್ಟು ತಿರುಗಬೇಕು? 60 ಅಲ್ಲ, 180ರಲ್ಲಿ 60 ಕಳೆದ 120. ಅದೇ ಬಾಹ್ಯಕೋನ. ಮೂರು ಮೂಲೆ ಮುಗಿಸಿ ಹೊರಟ ದಿಕ್ಕಿಗೇ ಮುಖ ಮಾಡಿದರೆ ಒಂದು ಪೂರ್ತಿ ಸುತ್ತು, 360. ಬಾಹ್ಯಕೋನಗಳ ಮೊತ್ತ ಯಾಕೆ 360 ಅನ್ನುವುದು ಅವಳ ಕಾಲಿಗೇ ಗೊತ್ತಾಗುತ್ತದೆ. 1967ರಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮುಂದೆ ಬಂದ, ಹೇಳಿದಂತೆ ನಡೆದು ಗೆರೆ ಎಳೆಯುವ 'ಆಮೆ'ಯ ಹಿಂದೆಯೂ ಇದೇ ಯೋಚನೆಯಿತ್ತು.

ಮುಂದೆ ಸಪ್ತಭುಜ ಕೊಡಿ. 51 ಹಾಕಿದರೆ ಒಟ್ಟು 357, ಕೊನೆಯಲ್ಲಿ ಸಣ್ಣ ಸಂದು ಉಳಿಯುತ್ತದೆ. 'ಆಪರೇಟರ್ಸ್'ನ ಭಾಗಾಕಾರದ ಬ್ಲಾಕಿನಲ್ಲಿ 360, 7 ತುಂಬಿಸಿ 'ಟರ್ನ್' ಒಳಗೆ ಕೂರಿಸಿದರೆ ಕೂಡಿಕೊಳ್ಳುತ್ತದೆ. ಬಾಹು ಮಾತ್ರ 60ಕ್ಕೆ ಇಳಿಸಿ: ನಡುವಿನಿಂದ ಕೆಳಗೆ ಇರುವುದು 180 ಹೆಜ್ಜೆ ಜಾಗ, 100ರ ಸಪ್ತಭುಜಕ್ಕೆ ಸುಮಾರು 219 ಬೇಕು. ಅಂಚಿನಲ್ಲಿ ಬೆಕ್ಕು ಸಿಕ್ಕಿಕೊಂಡು ಆಕೃತಿ ಸೊಟ್ಟಗಾಗುತ್ತದೆ.

ದೊಡ್ಡ ತರಗತಿಯವರಿಗೆ ಒಂದು ಎಚ್ಚರಿಕೆ: ಸ್ಕ್ರ್ಯಾಚ್‌ನಲ್ಲಿ 0 ಅಂದರೆ ಮೇಲಕ್ಕೆ, ಕೋನ ಗಡಿಯಾರದ ಮುಳ್ಳಿನಂತೆ ಹೆಚ್ಚುತ್ತದೆ. ತ್ರಿಕೋನಮಿತಿಯ ಕ್ರಮ ಬೇರೆ, ಮೊದಲೇ ಹೇಳಿಬಿಡಿ.

ಕೊನೆಗೆ 'ರಿಪೀಟ್ 5', 'ಟರ್ನ್ 144' ಕೊಟ್ಟು ನೋಡಿ. ನಕ್ಷತ್ರ ಮೂಡುತ್ತದೆ, ಮೊತ್ತ 720. ಬೆಕ್ಕು ಎಷ್ಟು ಸುತ್ತು ತಿರುಗಿತು ಎಂದು ಮಕ್ಕಳನ್ನೇ ಕೇಳಿ.